ಸದರಿ ಸಂದಿಯು ತಮ್ಮದೇ, ಆದಾಗ್ಯೂ...

ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆ ಜಿಲ್ಲೆಯಲ್ಲೇ ಇಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಮೂವತ್ತನಾಲ್ಕು ವರ್ಷ ಕಾದೆ. ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳಬೇಕಾಯಿತು!

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು. ಕಚೇರಿಯ ಹೆಸರು ಬೇಡ, ಪಾಪ, ಅದು ನನ್ನಿಂದ ಸಾಕಷ್ಟು ಅನುಭವಿಸಿದೆ. ಜನರ ಅರ್ಜಿಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಅದಕ್ಕೆ ನನ್ನದೇ ಒಂದು ವಿಧಾನವಿತ್ತು. ಮೊದಲ ವಾಕ್ಯದಲ್ಲಿ ಅರ್ಜಿದಾರ ಹೇಳಿದ್ದನ್ನೆಲ್ಲ ಒಪ್ಪಿಬಿಡಬೇಕು. ಅವನ ಸಿಟ್ಟು ಅಲ್ಲೇ ಇಳಿಯುತ್ತದೆ. ಎರಡನೆಯ ವಾಕ್ಯವನ್ನು ‘ಆದಾಗ್ಯೂ’ ಎಂದು ಶುರು ಮಾಡಿ, ಅವನು ಓದುತ್ತಾ ಓದುತ್ತಾ ಕಚೇರಿಯ ಗೇಟು ದಾಟಿ ಹೋದರೂ ಮುಗಿಯದಷ್ಟು ಉದ್ದಕ್ಕೆ ಎಳೆಯಬೇಕು. ಒಪ್ಪಿದ ಹಾಗೂ ಆಯಿತು, ಏನೂ ಮಾಡದ ಹಾಗೂ ಆಯಿತು. ಈ ವಿಧಾನದಿಂದ ನನ್ನ ಟೇಬಲ್ಲಿನ ಮುಂದೆ ಒಂದೇ ಒಂದು ಜಗಳ ಆಗಲಿಲ್ಲ.

ಇಂಥ ನನಗೆ ಒಂದು ದಿನ ಬೆಳಿಗ್ಗೆ ವಕೀಲರ ನೋಟೀಸು ಬಂತು.

ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಪಕ್ಕದ ಮನೆ ಹಾಲೇಶಪ್ಪನವರದು. ಅವರು ಅದನ್ನು ಬಾಡಿಗೆಗೆ ಕೊಟ್ಟು, ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಅಲ್ಲೇ ಇದ್ದಾರೆ. ಎರಡೂ ಮನೆಗಳ ನಡುವೆ ಮೂರೂವರೆ ಅಡಿಯ ಒಂದು ಸಂದಿ. ನಮ್ಮ ಹಿತ್ತಲಿಗೆ ಹೋಗಲು ಅದೊಂದೇ ದಾರಿ. ಮೊದಲು ಮನೆಯೊಳಗಿಂದಲೂ ಒಂದು ಬಾಗಿಲಿತ್ತು. ವಾಸ್ತು ಸರಿಯಿಲ್ಲವೆಂದು ನಾನೇ ಮುಂದೆ ನಿಂತು ಮುಚ್ಚಿಸಿದೆ. ಅಲ್ಲೀಗ ಬಚ್ಚಲಿದೆ.

ಹಿತ್ತಲಿನಲ್ಲಿ ತಗಡಿನ ಶೆಡ್ಡು. ಅಲ್ಲಿ ನನ್ನ ಹೆಂಡತಿ ಮಂಗಳಾ ಜೋಳದ ರೊಟ್ಟಿ ಮಾಡಿಸುತ್ತಾಳೆ. ಹನುಮಕ್ಕ ಮತ್ತು ಇನ್ನಿಬ್ಬರು ಹೆಂಗಸರು ಬೆಳಿಗ್ಗೆಯಿಂದ ಪಟಪಟ ರೊಟ್ಟಿ ಬಡಿಯುತ್ತಾರೆ. ಸಂದಿಯಲ್ಲಿ ಹಿಟ್ಟು ಒಳಗೆ ಹೋಗುತ್ತದೆ, ರೊಟ್ಟಿ ಹೊರಗೆ ಬರುತ್ತದೆ. ನಾನು ನಿವೃತ್ತನಾದ ಮೇಲೆ ನಮ್ಮ ಮನೆಯಲ್ಲಿ ನಿಜವಾಗಿ ಕೆಲಸ ನಡೆಯುತ್ತಿರುವ ಜಾಗ ಅದೊಂದೇ.

ನೋಟೀಸಿನಲ್ಲಿ ಹಾಲೇಶಪ್ಪನವರ ವಕೀಲರು ಬರೆದಿದ್ದರು: ಸಂದಿ ಪೂರ್ತಿಯಾಗಿ ನಮ್ಮ ಕಕ್ಷಿದಾರರದು, ಅವರು ಅಲ್ಲಿ ಮಹಡಿಗೆ ಮೆಟ್ಟಿಲು ಕಟ್ಟಿಸಲಿದ್ದಾರೆ, ತಾವು ಓಡಾಟ ನಿಲ್ಲಿಸತಕ್ಕದ್ದು.

ಮಂಗಳಾ ಹಿಟ್ಟಿನ ಕೈಯಲ್ಲೇ ಬಂದು ಕೇಳಿಸಿಕೊಂಡಳು.

“ರೀ, ಸುಮ್ನೆ ಯಾರಾದ್ರೂ ವಕೀಲರಿಗೆ ತೋರಿಸ್ರಿ. ನೀವು ಮಾತ್ರ ಏನೂ ಬರೀಬ್ಯಾಡ್ರಿ.”

“ಮಂಗಳಾ, ಉತ್ತರ ಬರೀದೆ ಬಿಟ್ಟ ಪತ್ರ ನನ್ನ ಸರ್ವೀಸಿನಾಗೇ ಇಲ್ಲ!”

“ಅದಕ್ಕೇ ಹೇಳಿದ್ದು” ಎಂದು ಅವಳು ಶೆಡ್ಡಿಗೆ ಹೋದಳು.

ನಾನು ಕುಳಿತು ಬರೆದೆ. ಎಷ್ಟೋ ತಿಂಗಳ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಪೆನ್ನು ತಾನಾಗಿಯೇ ಓಡಿತು. ಪತ್ರದ ಮುಖ್ಯ ಭಾಗ ಹೀಗಿತ್ತು:

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಸುವುದೇನೆಂದರೆ, ನಮ್ಮ ಮನೆಯ ಪೂರ್ವಕ್ಕಿರುವ ಸದರಿ ಸಂದಿಯು ತಮ್ಮ ಕಕ್ಷಿದಾರರದೇ ಆಗಿರುತ್ತದೆಂಬ ಅಂಶವನ್ನು ಒಪ್ಪಿಕೊಳ್ಳಲಾಗಿದೆ. ಆದಾಗ್ಯೂ, ಸದರಿ ಸಂದಿಯು ಮೊದಲಿನಿಂದಲೂ ಉಭಯತ್ರರ ಬಳಕೆಯಲ್ಲಿ ಇದ್ದುಕೊಂಡು ಬಂದಿರುವ ಹಿನ್ನೆಲೆಯಲ್ಲಿ, ದಾಖಲೆಗಳನ್ನು ಪರಿಶೀಲಿಸಿ, ನಿಯಮಾನುಸಾರ ಅವಕಾಶವಿದ್ದಲ್ಲಿ ಮಾತ್ರ, ಸದರಿ ಒಪ್ಪಿಗೆಯನ್ನು ಒಪ್ಪಿಗೆಯೆಂದು ಪರಿಗಣಿಸುವ ಬಗ್ಗೆ ಮುಂದಿನ ದಿನಗಳಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂಬುದನ್ನು ಅಲ್ಲಗಳೆಯಲಾಗುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ.”

ಓದಿ ನನಗೇ ಕಣ್ಣು ತುಂಬಿ ಬಂತು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ವಿಷಯ ಮುಗಿಯಿತೆಂದು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ವಿಷಯ ಮುಗಿಯಲಿಲ್ಲ. ಹಾಲೇಶಪ್ಪನವರು ದಾವಾ ಹಾಕಿದರು. ಸಮನ್ಸು ಬಂದ ಮೇಲೆ ಮಂಗಳಾ ನನ್ನನ್ನು ಕೇಳಲೂ ಇಲ್ಲ. ಸೀದಾ ವಕೀಲರಾದ ನಸೀಮಾ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಮೇಡಂ ನಮ್ಮ ರೊಟ್ಟಿಯ ಗಿರಾಕಿ. ಚುರುಕು ಹೆಣ್ಣುಮಗಳು. ಸಂದಿ ಇಬ್ಬರಿಗೂ ಸೇರಿದ್ದೆಂದು ನಮ್ಮ ಪರವಾಗಿ ತಕರಾರು ಬರೆದು ಕೋರ್ಟಿಗೆ ಹಾಕಿದರು. ನಾನು ನಡುನಡುವೆ ಪದಗಳನ್ನು ಸೂಚಿಸಿದೆ. ಅವರು ಒಂದನ್ನೂ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಮೇಡಂ ಫೋನು ಬಂತು. “ಸರ್, ಕೂಡ್ಲೇ ಬರ್ರಿ. ಅಕ್ಕಾರನ್ನೂ ಕರ್ಕೊಂಡು ಬರ್ರಿ.”

ಹೋದೆವು. ಅವರ ಮೇಜಿನ ಮೇಲೆ ನನ್ನ ಪತ್ರದ ಜೆರಾಕ್ಸ್ ಇತ್ತು. ಮೊದಲ ವಾಕ್ಯದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಮೆಚ್ಚುಗೆಗೆ ಎಳೆದಿದ್ದಾರೆಂದೇ ನಾನು ತಿಳಿದೆ!

“ಇದನ್ನ ನೀವು ಬರ್ದಿದ್ದು ನನಗ್ಯಾಕ ಹೇಳ್ಲಿಲ್ಲ?” ಎಂದರು ಮೇಡಂ.

“ಮಾಮೂಲಿ ಉತ್ತರ ಮೇಡಂ. ಇಂಥವು ಸಾವಿರ ಬರ್ದೀನಿ.”

“ಆ ಸಾವಿರದ ಮ್ಯಾಲೆ ಯಾರೂ ಕೋರ್ಟಿಗೆ ಹೋಗಿರ್ಲಿಲ್ಲ ಸರ್. ನೋಡ್ರಿ, ಸಿವಿಲ್ ಕೇಸಿನಾಗೆ ಒಂದು ಕಡೆಯವರು ಎದುರಿನವರ ಮಾತನ್ನ ತಾವೇ ಒಪ್ಕೊಂಡಿದ್ರೆ, ಕೋರ್ಟು ಅಷ್ಟರ ಮ್ಯಾಲೇ ತೀರ್ಪು ಕೊಡಬಹುದು. ತಕರಾರಿನಾಗೇ ಒಪ್ಕೊಂಡಿರಬೇಕು ಅಂತೇನಿಲ್ಲ. ಹೊರಗೆ ಕಾಗದದಾಗೆ ಬರ್ದಿದ್ರೂ ಸೈ, ಬಾಯಾಗೆ ಹೇಳಿದ್ರೂ ಸೈ. ಸಾಕ್ಷಿ ಬ್ಯಾಡ, ವಿಚಾರಣೆ ಬ್ಯಾಡ. ನೀವು ಒಪ್ಕೊಂಡೀರಿ, ಸಂದಿ ನಮಗೆ ಕೊಡ್ಸಿ ಅಂತ ಅವರು ಅರ್ಜಿ ಹಾಕ್ಯಾರ.”

ಒಪ್ಪಿಕೊಳ್ಳುವುದೆಂದರೆ ಒಪ್ಪಿಕೊಂಡಂತೆ ಎಂಬ ವಿಚಾರ ನನ್ನ ಇಡೀ ಸರ್ವೀಸಿನಲ್ಲಿ ಯಾರೂ ಹೇಳಿರಲಿಲ್ಲ!

ಮಂಗಳಾ ಮೆಲ್ಲಗೆ ಕೇಳಿದಳು. “ಮೇಡಂ, ಹಂಗಾದ್ರೆ ಶೆಡ್ಡು?”

“ಕೊಡಬಹುದು ಅಂತ ಐತೆ ಅಕ್ಕಾರೆ, ಕೊಡಲೇಬೇಕು ಅಂತಿಲ್ಲ. ಅದು ಜಡ್ಜ್ ವಿವೇಚನೆ. ಒಪ್ಪಿಗೆ ಸ್ಪಷ್ಟ ಇರಬೇಕು, ಅನುಮಾನ ಇರಬಾರದು, ಷರತ್ತು ಇರಬಾರದು. ಸರ್ ಕಾಗದದಾಗೆ ನಮಗೊಂದು ಆಸರೆ ಸಿಕ್ಕೈತೆ. ಸಂದಿ ಇರೋದು ಮನೀ ಪಶ್ಚಿಮಕ್ಕೆ. ಇವರು ಪೂರ್ವ ಅಂತ ಬರ್ದಾರ. ಯಾವ ಸಂದಿ ಒಪ್ಕೊಂಡ್ರು ಅನ್ನೋದೇ ಗೊತ್ತಾಗಲ್ಲ ಅಂತ ವಾದ ಮಾಡ್ತೀನಿ. ಎರಡನೇ ವಾಕ್ಯ ಏನಂತ ನನಗೂ ತಿಳೀಲಿಲ್ಲ, ಅದನ್ನ ಆಮೇಲೆ ನೋಡಾಣ.”

ಮಂಗಳಾ ಉಸಿರು ಬಿಟ್ಟಳು. ನನಗೆ ಮಾತ್ರ ಉಸಿರು ಕಟ್ಟಿತು. ಪೂರ್ವ! ನನ್ನ ಡ್ರಾಫ್ಟಿನಲ್ಲಿ ತಪ್ಪು! ಅದೂ ದಿಕ್ಕು ತಪ್ಪು! ನನ್ನ ಸಹಿಯಿರುವ ಕಾಗದ ತಪ್ಪಿನ ಸಮೇತ ಕೋರ್ಟಿನ ಕಡತದಲ್ಲಿ ಶಾಶ್ವತವಾಗಿ ಉಳಿಯುವುದೆಂದರೇನು? ಬಸ್ಸಿನಲ್ಲಿ ಬರುವಾಗ ಮಂಗಳಾ ಶೆಡ್ಡಿನ ಬಗ್ಗೆ ಏನೇನೋ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಪೂರ್ವ ಪಶ್ಚಿಮಗಳೇ ಸುತ್ತುತ್ತಿದ್ದವು.

ಮನೆಗೆ ಬಂದವನೇ ಎದುರು ವಕೀಲರಿಗೆ ಒಂದು ತಿದ್ದೋಲೆ ಬರೆದೆ. ಹೊರಟ ಪತ್ರದಲ್ಲಿ ತಪ್ಪಿದ್ದರೆ ಸರಿಪಡಿಸಲು ಕಚೇರಿಗಳಲ್ಲಿ ಕಳಿಸುವ ಕಾಗದ ಅದು. “ಉಲ್ಲೇಖಿತ ಪತ್ರದಲ್ಲಿ ‘ಪೂರ್ವಕ್ಕಿರುವ’ ಎಂಬುದನ್ನು ‘ಪಶ್ಚಿಮಕ್ಕಿರುವ’ ಎಂದು ಓದಿಕೊಳ್ಳತಕ್ಕದ್ದು. ಉಳಿದಂತೆ ಸದರಿ ಪತ್ರದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.”

ತಿದ್ದೋಲೆ ಎಂದರೆ ಈ ಕೊನೆಯ ವಾಕ್ಯ ಇರಲೇಬೇಕು. ಅದಿಲ್ಲದಿದ್ದರೆ ಅದು ತಿದ್ದೋಲೆಯೇ ಅಲ್ಲ.

ಹತ್ತು ದಿನದಲ್ಲಿ ಆ ಕಾಗದದ ಜೆರಾಕ್ಸೂ ನಸೀಮಾ ಮೇಡಂ ಮೇಜಿಗೆ ಬಂತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಸರ್, ಇದ್ದಿದ್ದು ಒಂದೇ ಆಸರೆ. ಅದನ್ನ ನೀವೇ ಸರಿ ಮಾಡಿ ಕಳ್ಸೀರಿ. ಮ್ಯಾಲಿಂದ, ಉಳಿದಿದ್ದೆಲ್ಲ ಹಂಗೇ ಐತೆ ಅಂತ ಇನ್ನೊಂದು ಸಲ ಒಪ್ಕೊಂಡೀರಿ!”

“ತಪ್ಪು ತಿದ್ದಬಾರದೇನು ಮೇಡಂ?”

“ಅಲ್ಲಾಹ್!” ಎಂದರು ಮೇಡಂ. ಮಂಗಳಾ ಚೀಲ ತೆಗೆದುಕೊಂಡು ಎದ್ದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವತ್ತು ಸಂಜೆ ಅವಳು ಹಿತ್ತಲಿನಲ್ಲಿ ನಿಂತು ಒಲೆಗಳನ್ನು ಸುಮ್ಮನೆ ನೋಡುತ್ತಿದ್ದಳು. ಹನುಮಕ್ಕ “ನಾಳೆಯಿಂದ ಬರಾಣೋ ಬ್ಯಾಡೋ ಅಕ್ಕಾ?” ಎಂದು ಕೇಳುವುದು ನನ್ನ ಕಿವಿಗೆ ಬಿತ್ತು. ಹದಿನೈದು ವರ್ಷ ಕಷ್ಟಪಟ್ಟು ಮಂಗಳಾ ಕಟ್ಟಿದ್ದನ್ನು ನಾನು ಎರಡು ಕಾಗದದಲ್ಲಿ ಬರೆದು ಕೊಟ್ಟುಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಆದದ್ದನ್ನು ಸರಿಪಡಿಸಲೇಬೇಕೆಂದು ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಹರಿಹರದ ಬಸ್ಸು ಹತ್ತಿದೆ. ಈ ಸಲ ಪೆನ್ನನ್ನು ಮನೆಯಲ್ಲೇ ಬಿಟ್ಟಿದ್ದೆ. ಬರೆದರೆ ತಾನೆ ತೊಂದರೆ? ಬಾಯಲ್ಲಿ ಮಾತಾಡಿದರಾಯಿತು! ಬಾಯಾಗೆ ಹೇಳಿದ್ರೂ ಸೈ ಎಂದು ಮೇಡಂ ಹೇಳಿದ್ದು ಆಗ ನೆನಪಿಗೇ ಬರಲಿಲ್ಲ.

ಹಾಲೇಶಪ್ಪನವರು ಅಂಗಡಿಯಿಂದ ಎದ್ದು ಬಂದು ಕೈ ಹಿಡಿದುಕೊಂಡರು.

“ಬರ್ರಿ ಬರ್ರಿ ಕೊಟ್ರಪ್ಪಾರೆ! ಕೂಡ್ರಿ. ಕೇಸು ಕೇಸಿನ ಕಡೆ, ನಾವು ನೀವು ಬ್ಯಾರೇನಾ?”

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಮೂಲೆಯಲ್ಲಿ ಅವರ ಭಾವಮೈದುನ ಕುಳಿತು ತಾನೂ ಮಂಡಕ್ಕಿ ತಿನ್ನುತ್ತಿದ್ದ. ನಾನು ಸಂದಿಯ ಮಾತು ತೆಗೆಯುವ ಮೊದಲೇ ಹಾಲೇಶಪ್ಪನವರು ನನ್ನ ಪತ್ರವನ್ನು ಹೊಗಳತೊಡಗಿದರು.

“ಏನು ಬರೀತೀರ್ರೀ! ನಮ್ಮ ವಕೀಲ್ರೇ ದಂಗಾಗ್ಯಾರ. ಅದು ಪೂರ್ತಿ ನೀವೇ ಬರ್ದಿದ್ದೋ, ಯಾರಾದ್ರೂ ಬರ್ದು ಕೊಟ್ರೋ?”

“ಯಾರು ಬರ್ದು ಕೊಡ್ತಾರ್ರೀ? ಅಕ್ಷರ ಅಕ್ಷರ ನಂದೇ!”

“ಹಂಗಾದ್ರೆ ಅದ್ರಾಗಿರೋ ಮಾತಿಗೆ ನೀವು ಬದ್ಧ ಅಂದಂಗಾತು.”

“ನಾನು ಬರ್ದ ಮ್ಯಾಲೆ ಹಿಂದೆ ಸರ್ಯೋ ಮನುಷ್ಯನೇ ಅಲ್ಲ ಹಾಲೇಶಣ್ಣ!”

ಮೂವತ್ತನಾಲ್ಕು ವರ್ಷ ಕಾದಿದ್ದ ಹೊಗಳಿಕೆ. ಬಾಯಿ ಕಟ್ಟುವುದು ಹೇಗೆ? ಕೇಸು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಹೋಗಿದ್ದೆ ಎಂಬುದು ನೆನಪಾದದ್ದು ಮಂಡಕ್ಕಿ ಖಾಲಿಯಾದ ಮೇಲೆ. ಕೇಳಿದಾಗ ಅವರು “ಕೋರ್ಟು ಏನಂತೈತೋ ನೋಡಾಣ” ಎಂದು ನಕ್ಕು ಕಳಿಸಿದರು.

ಆ ಭಾವಮೈದುನ ಅಷ್ಟೂ ಮಾತನ್ನು ಅಫಿಡವಿಟ್ ಮಾಡಿ ಕೋರ್ಟಿಗೆ ಕೊಟ್ಟ. ತನ್ನೆದುರೇ ನಾನು ಒಪ್ಪಿಕೊಂಡೆನೆಂದು ಪ್ರಮಾಣ ಮಾಡಿದ. ಅದನ್ನು ಓದಿ ನಸೀಮಾ ಮೇಡಂ ಮಂಗಳಾಗೆ ಒಂದೇ ಮಾತು ಹೇಳಿದರು. “ಅಕ್ಕಾರೆ, ವಾದ ಮುಗಿಯೋ ತನಕ ಇವರನ್ನ ಮನೆಯಿಂದ ಹೊರಗೆ ಬಿಡಬ್ಯಾಡ್ರಿ.”

ವಾದದ ದಿನ ನಾವು ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆವು. ಮಂಗಳಾ ಅವತ್ತು ರೊಟ್ಟಿ ಕೆಲಸ ನಿಲ್ಲಿಸಿ ಬಂದಿದ್ದಳು. ಎದುರು ವಕೀಲರು ಎದ್ದು ನನ್ನ ಮೊದಲ ವಾಕ್ಯವನ್ನು ಗಂಟೆ ಹೊಡೆದ ಹಾಗೆ ಓದಿದರು. ಆಮೇಲೆ ತಿದ್ದೋಲೆ. ಆಮೇಲೆ ಅಫಿಡವಿಟ್ಟು. “ಮೂರು ಸಲ ಒಪ್ಪಿಕೊಂಡಿದ್ದಾರೆ ಸ್ವಾಮಿ. ಇನ್ನು ವಿಚಾರಣೆಗೆ ಏನು ಉಳಿದಿದೆ?” ಎಂದರು. ನನಗೂ ಹೌದೆನಿಸಿತು.

ನ್ಯಾಯಾಧೀಶರು ಪತ್ರವನ್ನು ಕೈಗೆ ತೆಗೆದುಕೊಂಡು, “ಪ್ರತಿವಾದಿ ಬಂದಿದ್ದಾರಾ?” ಎಂದರು. ನಾನು ಎದ್ದು ನಿಂತೆ. ಮಂಗಳಾ ನನ್ನ ಅಂಗಿಯ ಚುಂಗು ಹಿಡಿದು ಕೆಳಗೆ ಎಳೆದಳು.

“ಇದನ್ನು ನೀವೇ ಬರೆದಿದ್ದಾ?”

ಇಲ್ಲ ಎಂದು ಸುಳ್ಳು ಹೇಳುವಂತಿಲ್ಲ. ಹೌದು ಎಂದಷ್ಟೇ ಹೇಳಿ ಕೂರಬಹುದಿತ್ತು. “ಹೌದು ಸ್ವಾಮಿ, ಸ್ವಂತ ಡ್ರಾಫ್ಟು!” ಎಂದೆ. ನಸೀಮಾ ಮೇಡಂ ಹಣೆ ಹಿಡಿದುಕೊಂಡರು.

ನ್ಯಾಯಾಧೀಶರು ಎರಡನೆಯ ವಾಕ್ಯವನ್ನು ಗಟ್ಟಿಯಾಗಿ ಓದತೊಡಗಿದರು. ‘ಒಪ್ಪಿಗೆಯನ್ನು ಒಪ್ಪಿಗೆಯೆಂದು ಪರಿಗಣಿಸುವ’ ಎಂಬಲ್ಲಿಗೆ ಬಂದು ನಿಂತರು. ಹಿಂದಕ್ಕೆ ಹೋದರು. ಮತ್ತೆ ಮೊದಲಿನಿಂದ ಓದಿದರು. ಈ ಸಲ ‘ಅಲ್ಲಗಳೆಯಲಾಗುವುದಿಲ್ಲವೆಂದು’ ತನಕ ಬಂದರು. ನೀರು ಕುಡಿದರು.

“ಇದರ ಅರ್ಥ ಏನು?” ಎಂದು ಎದುರು ವಕೀಲರನ್ನು ಕೇಳಿದರು.

“ಸ್ವಾಮಿ, ಅದು... ಮೊದಲನೇ ವಾಕ್ಯ ಸ್ಪಷ್ಟವಾಗಿದೆ.”

“ನಾನು ಕೇಳಿದ್ದು ಎರಡನೇದು.”

ವಕೀಲರು ತಮ್ಮ ಕೈಯಲ್ಲಿದ್ದ ಪ್ರತಿಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ. ಆಗ ನಸೀಮಾ ಮೇಡಂ ತಟ್ಟನೆ ಎದ್ದರು. “ಒಪ್ಪಿಗೆ ಎಂದರೆ ಪತ್ರವನ್ನು ಪೂರ್ತಿ ಓದಬೇಕು ಸ್ವಾಮಿ, ಬೇಕಾದ ವಾಕ್ಯ ಕಿತ್ತುಕೊಳ್ಳುವಂತಿಲ್ಲ. ಪೂರ್ತಿ ಓದಿದರೆ ಇದರಲ್ಲಿ ಷರತ್ತಿದೆ, ಇಬ್ಬರ ಬಳಕೆ ಎಂಬ ಮಾತಿದೆ. ತಿದ್ದೋಲೆಯಲ್ಲೂ ಉಳಿದಂತೆ ಬದಲಾವಣೆ ಇಲ್ಲ ಎಂದಿದೆ. ಅಂದರೆ ಈ ಎರಡನೇ ವಾಕ್ಯವೂ ಹಾಗೇ ಇದೆ!”

ನ್ಯಾಯಾಧೀಶರು ಆದೇಶವನ್ನು ಒಂದು ವಾರ ಮುಂದೆ ಹಾಕಿದರು. ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆದೇಶದ ದಿನ ಮೇಡಂ ಹೊರಗೆ ಬಂದು ನಗುತ್ತಾ ಮಂಗಳಾಳ ಕೈ ಹಿಡಿದುಕೊಂಡರು. ಹಾಲೇಶಪ್ಪನವರ ಅರ್ಜಿ ವಜಾ ಆಗಿತ್ತು! ಸಾಕ್ಷಿ ವಿಚಾರಣೆ ಆಗದೆ ಸಂದಿಯನ್ನು ಯಾರಿಗೂ ಕೊಡಲಾಗದು ಎಂದು ಕೋರ್ಟು ಹೇಳಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದೆಯ ಮೇಲಿನ ಭಾರ ಇಳಿದು ಹೋಗಿತ್ತು. ಮಂಗಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನ್ನ ಪತ್ರದ ಬಗ್ಗೆ ಏನಾದ್ರೂ ಹೇಳ್ಯಾರೇನು ಮೇಡಂ?” ಎಂದು ಕೇಳಿದೆ.

“ಹೇಳ್ಯಾರ” ಎಂದು ಮೇಡಂ ಓದಿದರು. “ಪ್ರತಿವಾದಿಯು ಮೊದಲ ವಾಕ್ಯದಲ್ಲಿ ಒಪ್ಪಿರುವಂತೆ ಕಂಡುಬಂದರೂ, ಎರಡನೆಯ ವಾಕ್ಯದಲ್ಲಿ ಸದರಿ ಒಪ್ಪಿಗೆಯನ್ನು ಹಿಂಪಡೆದಿದ್ದಾರೋ, ಮುಂದೂಡಿದ್ದಾರೋ, ಮುಂದುವರಿಸಿದ್ದಾರೋ ಎಂಬುದು ಎಷ್ಟು ಸಲ ಓದಿದರೂ ತಿಳಿದುಬರುವುದಿಲ್ಲ. ವಾದಿಯ ಕಡೆಯವರ ಅಫಿಡವಿಟ್ಟು ಸಹ ಇದೇ ಪತ್ರವನ್ನು ಅವಲಂಬಿಸಿರುವುದರಿಂದ, ಅದೂ ಅಷ್ಟೇ ಅಸ್ಪಷ್ಟವಾಗಿದೆ.”

ಮಂಗಳಾ ಕೋರ್ಟೆಂಬುದನ್ನೂ ಮರೆತು ನಕ್ಕಳು. ತಿಂಗಳುಗಳ ಮೇಲೆ ಅವಳು ನಕ್ಕದ್ದನ್ನು ನೋಡಿ ನಾನೂ ನಕ್ಕುಬಿಟ್ಟೆ.

ಇನ್ನು ಸಾಕ್ಷಿ, ಅಳತೆ, ವರ್ಷಗಟ್ಟಲೆ ಓಡಾಟ ಎಂದಾಗ ಹಾಲೇಶಪ್ಪನವರು ತಾವೇ ನಿಟ್ಟುವಳ್ಳಿಗೆ ಬಂದರು. “ಸಾಕ್ರಿ ಕೊಟ್ರಪ್ಪಾರೆ, ಸಂದಿ ಇಬ್ಬರಿಗೂ ಇರ್ಲಿ. ಮೆಟ್ಲು ಆ ಕಡೆಯಿಂದ ಕಟ್ಕೊಂತೀನಿ” ಎಂದರು. ರಾಜಿ ಪತ್ರವನ್ನು ನಸೀಮಾ ಮೇಡಂ ಐದೇ ಸಾಲಿನಲ್ಲಿ ಬರೆದರು. ‘ಆದಾಗ್ಯೂ’ ಎಂದು ಒಂದು ಸಾಲು ಸೇರಿಸಬಹುದಿತ್ತು ಎಂದೆ. ಎರಡೂ ಕಡೆಯ ವಕೀಲರು ಒಟ್ಟಿಗೆ “ಬ್ಯಾಡ!” ಎಂದರು.

ಅವತ್ತು ಮಧ್ಯಾಹ್ನ ಮಂಗಳಾ ಶೆಡ್ಡಿನಲ್ಲಿ ಎಲ್ಲರಿಗೂ ಕೋರ್ಟಿನ ಕಥೆ ಹೇಳಿದಳು. ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕರು. ಹನುಮಕ್ಕ ಮಾತ್ರ ನಗಲಿಲ್ಲ.

“ಸಾಹೇಬ್ರೆ, ನೀವು ಆಫೀಸಿನಾಗೆ ಇದ್ದಾಗ ನನಗೂ ಒಂದು ಕಾಗದ ಕೊಟ್ಟಿದ್ರಿ. ರೋಡಿನ ಬಾಜೂಕ ಬಜ್ಜಿ ಗಾಡಿ ಇಡಾಕ ಪರ್ಮಿಷನ್ ಕೇಳಿದ್ದೆ.”

“ಹೌದಾ? ನೆನಪಿಲ್ಲ ಹನುಮಕ್ಕ. ಆಮೇಲೆ?”

“ಕಾಗದ ಬಂತಲ್ಲ, ಆತು ಅಂತ ತಿಳ್ಕೊಂಡು ಎಂಟು ವರ್ಷ ಗಾಡಿ ಇಟ್ಟೆ. ಯಾರಾದ್ರೂ ಎಬ್ಬಸಾಕ ಬಂದ್ರೆ ಅದನ್ನೇ ತೋರಿಸ್ತಿದ್ದೆ. ನಿಂತು ಓದೋರು, ತಲಿ ಕೆರ್ಕೊಳೋರು, ಸುಮ್ನೆ ಹೋಗೋರು.”

ಮಾರನೆಯ ದಿನ ಆ ಕಾಗದವನ್ನು ತಂದೇ ತಂದಳು. ಲ್ಯಾಮಿನೇಷನ್ ಮಾಡಿಸಿದ್ದಳು! ಕೆಳಗೆ ನನ್ನದೇ ಸಹಿ. ಮೊದಲ ವಾಕ್ಯದಲ್ಲಿ ಅವಳ ಕೋರಿಕೆ ನ್ಯಾಯಯುತವೆಂದು ಒಪ್ಪಿದ್ದೆ. ಎರಡನೆಯದು ‘ಆದಾಗ್ಯೂ’ ಎಂದು ಹೊರಟು ಒಂಬತ್ತು ಸಾಲು ಹೋಗಿತ್ತು. ಒಮ್ಮೆ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಅಂಗಳಕ್ಕೆ ಹೋಗಿ ಬಿಸಿಲಿನಲ್ಲಿ ಹಿಡಿದು ಓದಿದೆ.

“ಏನಂತ ಬರ್ದೀರಿ ಸಾಹೇಬ್ರೆ? ಪರ್ಮಿಷನ್ ಕೊಟ್ಟಿದ್ರೋ, ಇಲ್ಲೋ?”

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಾಗದವನ್ನು ಜೋಪಾನವಾಗಿ ಅವಳ ಕೈಗೆ ಕೊಟ್ಟೆ.

“ಪರಿಶೀಲಿಸಿ ತಿಳಿಸ್ತೀನಿ ಹನುಮಕ್ಕ” ಎಂದು ಹೇಳಿ ಮನೆಯೊಳಗೆ ಹೋದೆ.